ಅತಿಭಾರದ ಪಾಪ ಯಾರ ಖಾತೆಗೆ?

ಶ್ರಾವಕನ ಅಹಿಂಸಾಣುವ್ರತಕ್ಕೆ ತಗಲಬಹುದಾದ ಐದು ಅತಿಚಾರಗಳನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು ಎಂಬ ಮೊದಲ ಮೂರನ್ನು ಕೇಳಿದೊಡನೆ ಜೈನ ಮನೆತನದ ಗೃಹಸ್ಥನು ಇದು ತನ್ನ ಮನೆಯ ಮಾತಲ್ಲವೆಂದು ನಿರಾಳನಾಗುತ್ತಾನೆ. ಉಳಿದೆರಡರ ಬಳಿ ಮಾತ್ರ ಆತನು ತುಸು ನಿಲ್ಲಬೇಕಾಗುತ್ತದೆ. ಅವು ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಅಂದರೆ ಹೊರಲಾರದಷ್ಟು ಹೊರೆ ಹೊರಿಸುವುದು, ಹಸಿದವರ ಅನ್ನಕ್ಕೂ ಬಾಯಾರಿದವರ ನೀರಿಗೂ ಅಡ್ಡಿಯಾಗುವುದು.

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಹತ್ತು ಅಧ್ಯಾಯಗಳ ಪಾರಾಯಣ ನಡೆಯುವಲ್ಲೆಲ್ಲ ಈ ಮಾತು ವರ್ಷಕ್ಕೊಮ್ಮೆ ಸಭೆಯ ಕಿವಿಗೆ ಬೀಳುತ್ತದೆ. ಕೇಳಿದವರು ಭಕ್ತಿಯಿಂದ ಕೈಮುಗಿಯುತ್ತಾರೆ. ಎತ್ತಿನ ಗಾಡಿಯ ಕಾಲಕ್ಕೆ ಸಂದ ಮಾತೆಂದು ಮನಸ್ಸಿನಲ್ಲಿಯೇ ಬದಿಗಿಡುತ್ತಾರೆ. ಮನೆಯಲ್ಲಿ ಎತ್ತಿಲ್ಲ, ಗಾಡಿಯಿಲ್ಲ. ಆದುದರಿಂದ ಅತಿಚಾರವೂ ಇಲ್ಲ ಎಂಬುದು ಅವರ ಲೆಕ್ಕ. ಈ ಲೆಕ್ಕ ತಪ್ಪೆಂಬುದು ಅವರು ಮನೆ ಬದಲಿಸುವ ದಿನ ಬಯಲಾಗುತ್ತದೆ.

ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ತಿಂಗಳ ಕೊನೆಯ ದಿನ ನಿಂತು ನೋಡಬಹುದು. ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿದ ಕುಟುಂಬವೊಂದು ನಾಲ್ಕನೆಯ ಮಹಡಿಯ ಫ್ಲ್ಯಾಟಿನಿಂದ ಹೊರಡುತ್ತಿದೆ. ‘ಪ್ಯಾಕರ್ಸ್ ಅಂಡ್ ಮೂವರ್ಸ್’ ಎಂದು ಬರೆದ ಲಾರಿ ಗೇಟಿನ ಹೊರಗೆ ನಿಂತಿದೆ. ಆರು ಜನರ ಕೆಲಸಕ್ಕೆ ನಾಲ್ವರು ಬಂದಿದ್ದಾರೆ. ಆರು ಜನರ ಕೂಲಿಗೆ ಯಜಮಾನರು ಒಪ್ಪಿರಲಿಲ್ಲ. ಸಾಮಾನು ಸಾಗಿಸಲು ಲಿಫ್ಟ್ ಬಳಸಕೂಡದೆಂದು ನಿವಾಸಿಗಳ ಸಂಘದ ಫಲಕ ತೂಗುತ್ತಿದೆ. ಉಕ್ಕಿನ ಬೀರು ಒಬ್ಬನ ಬೆನ್ನಿನ ಮೇಲೆ ಮೆಟ್ಟಿಲಿಳಿಯುತ್ತಿದೆ. ಪ್ರತಿ ತಿರುವಿನಲ್ಲಿಯೂ ಮೇಲಿನಿಂದ ಕೂಗು ಕೇಳುತ್ತದೆ: ‘ಗೋಡೆಗೆ ತಾಗಿಸಬೇಡ, ಬಣ್ಣ ಹೋದೀತು!’ ಹೊತ್ತವನ ಕಾಲು ಜೋಕೆ ಎಂದು ಕೂಗುವವರು ಯಾರೂ ಇಲ್ಲ. ನೀರಿನ ಶುದ್ಧಿಯಂತ್ರವನ್ನು ಬೆಳಿಗ್ಗೆಯೇ ಬಿಚ್ಚಲಾಗಿದೆ. ಲೋಟಗಳು ಪೆಟ್ಟಿಗೆ ಸೇರಿವೆ. ಕುಡಿಯುವ ನೀರಿನ ನೆನಪು ಯಾರಿಗೂ ಬಂದಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಮನೆಯವರು ನಿಯಮದಂತೆ ಊಟ ಮುಗಿಸುತ್ತಾರೆ. ಲಾರಿ ಹೊಸ ಮನೆ ತಲಪಿ, ಸಾಮಾನು ಇಳಿದು, ಹಮಾಲರು ಬುತ್ತಿ ಬಿಚ್ಚುವಾಗ ರಾತ್ರಿ ಹನ್ನೊಂದು. ರಾತ್ರಿಭೋಜನತ್ಯಾಗ ಮನೆಯವರಿಗೆ, ರಾತ್ರಿಭೋಜನ ಅವರ ಸಾಮಾನು ಹೊತ್ತವರಿಗೆ!

ಇದನ್ನು ಎತ್ತಿ ತೋರಿದರೆ ಸಿದ್ಧವಾಗಿ ಸಿಗುವ ಉತ್ತರಗಳು ಮೂರು.

ಮೊದಲನೆಯದು: ‘ಹಮಾಲರು ಗುತ್ತಿಗೆದಾರನ ಆಳುಗಳು. ಅವನಿಗೆ ಹಣ ಕೊಟ್ಟಾಯಿತು. ಆಳುಗಳನ್ನು ಹೇಗೆ ನಡೆಸಿಕೊಳ್ಳುತ್ತಾನೋ ಅದು ಅವನ ಕರ್ಮ.’ ಈ ಉತ್ತರ ಕೊಡುವವನು ಜೈನ ಕರ್ಮಸಿದ್ಧಾಂತದ ಮೊದಲ ಪಾಠವನ್ನೇ ಮರೆತಿದ್ದಾನೆ. ಮನ, ವಚನ, ಕಾಯಗಳಿಂದ ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು, ಅಂದರೆ ಕೃತ, ಕಾರಿತ, ಅನುಮೋದಿತ ಈ ಮೂರೂ ಆಸ್ರವಕ್ಕೆ ದ್ವಾರಗಳು. ಹಣ ಕೊಟ್ಟು ಮಾಡಿಸಿದ ಹಿಂಸೆಯ ಹೊಣೆ ಹಣದೊಂದಿಗೆ ಕೈದಾಟಿ ಹೋಗುವುದೆಂದು ಯಾವ ಆಚಾರ್ಯರೂ ಹೇಳಿಲ್ಲ. ಹಾಗೆ ಹೋಗುವುದಾದರೆ ಕಸಾಯಿಯ ಅಂಗಡಿಯಲ್ಲಿ ಕೊಂಡು ತಿನ್ನುವವನೂ ನಿರ್ದೋಷಿಯೆನಿಸಬೇಕಾಗುತ್ತದೆ. ಅಡುಗೆಮನೆಯಲ್ಲಿ ಒಪ್ಪದ ತರ್ಕವನ್ನು ಮೆಟ್ಟಿಲ ಮೇಲೆ ಒಪ್ಪುವುದು ಯಾವ ನ್ಯಾಯ?

ಎರಡನೆಯದು ಸ್ವಲ್ಪ ಓದಿಕೊಂಡವರ ಉತ್ತರ: ‘ಅತಿಭಾರಾರೋಪಣವನ್ನು ವಿವರಿಸುವಾಗ ವ್ಯಾಖ್ಯಾನಕಾರರು ಎತ್ತು ಮೊದಲಾದ ಪಶುಗಳನ್ನೇ ಮನಸ್ಸಿನಲ್ಲಿಟ್ಟಿದ್ದಾರೆ, ಮನುಷ್ಯನಿಗೆ ಬಾಯುಂಟು, ಆಗದಿದ್ದರೆ ಆಗದೆನ್ನಬಹುದು.’ ಉದಾಹರಣೆಗೆ ಎತ್ತನ್ನು ತೆಗೆದುಕೊಂಡದ್ದು ನಿಜ. ಆ ಕಾಲದಲ್ಲಿ ಹೊರೆ ಹೊತ್ತದ್ದು ಎತ್ತು. ಆದರೆ ಎತ್ತಿಗೆ ಹೊರಿಸಕೂಡದ್ದನ್ನು ಮನುಷ್ಯನಿಗೆ ಹೊರಿಸಬಹುದೆಂದು ಅದರಿಂದ ತೀರ್ಮಾನಿಸುವುದು ವಿವೇಕವೆ? ಇಂದಿನ ಕೂಲಿ ಕೈತಪ್ಪಿದರೆ ನಾಳಿನ ಅಕ್ಕಿಗೆ ದಾರಿಯಿಲ್ಲದವನ ಬಾಯಿ ಎಷ್ಟರಮಟ್ಟಿಗೆ ಬಾಯಿ? ವಯಸ್ಕ ಪುರುಷನೊಬ್ಬನು ಕೈಯಿಂದ ಹೊರಬಹುದಾದ ಗರಿಷ್ಠ ಭಾರ 55 ಕಿಲೋ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರ ತನ್ನ ಶಿಫಾರಸಿನಲ್ಲಿ ಸೂಚಿಸಿತು. ಮುಂಬಾಗಿಲಿನ ಬಟ್ಟೆ ಒಗೆಯುವ ಯಂತ್ರ ಇದಕ್ಕಿಂತ ಭಾರ. ಅದರೊಳಗೆ ಅಲುಗಾಟ ತಡೆಯಲು ಇಟ್ಟಿರುವ ಕಾಂಕ್ರೀಟಿನ ತೂಕವೇ ಅದಕ್ಕೆ ಕಾರಣ. ಅದನ್ನು ಒಬ್ಬನ ಬೆನ್ನಿಗೇರಿಸಿ ಮೂರು ಮಹಡಿ ಇಳಿಸುವುದು ಅತಿಭಾರವಲ್ಲವಾದರೆ ಆ ಶಬ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಮೂರನೆಯ ಉತ್ತರದಲ್ಲಿ ಒಂದಿಷ್ಟು ಸತ್ಯವಿದೆ. ಆದುದರಿಂದ ಅದನ್ನು ಗೌರವದಿಂದ ವಿಚಾರಿಸಬೇಕು: ‘ಈ ವ್ಯವಹಾರದಲ್ಲಿ ವಂಚಕರೇ ಹೆಚ್ಚು. ಕಡಿಮೆ ದರ ಹೇಳಿ ಸಾಮಾನು ಲಾರಿಗೇರಿದ ಮೇಲೆ ದುಪ್ಪಟ್ಟು ಕೇಳುತ್ತಾರೆ; ಕೊಡದಿದ್ದರೆ ಸಾಮಾನನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಹೆಸರಾಂತ ಸಂಸ್ಥೆಯ ಹೆಸರನ್ನೇ ಹೋಲುವ ಫಲಕ ಹಾಕಿ ಮುಂಗಡ ನುಂಗುತ್ತಾರೆ. ಇಂಥವರೊಡನೆ ಧರ್ಮದ ಮಾತೇನು?’ ವಂಚನೆ ಉಂಟು. ಒಪ್ಪಿಸಿದ ವಸ್ತುವನ್ನು ತಡೆಹಿಡಿದು ಹಣ ಕೀಳುವವನು ಮಾಡುವುದು ನ್ಯಾಸಾಪಹಾರಕ್ಕೆ ಸಮಾನವಾದ ದ್ರೋಹ. ಆದರೆ ಆ ವಂಚಕನನ್ನು ಮನೆ ಬಾಗಿಲಿಗೆ ಕರೆತಂದವರು ಯಾರು? ಮನೆಗೆ ಬಂದು, ಕೋಣೆಕೋಣೆ ನೋಡಿ, ಜನರೆಷ್ಟು, ಪೆಟ್ಟಿಗೆಯೆಷ್ಟು, ಲಾರಿಯ ಅಳತೆಯೆಷ್ಟು ಎಂದು ಬರೆದುಕೊಟ್ಟವನ ದರ ಹೆಚ್ಚೆಂದು ಅವನನ್ನು ಹಿಂದಕ್ಕೆ ಕಳುಹಿಸಿ, ದೂರವಾಣಿಯಲ್ಲಿಯೇ ಅರ್ಧ ದರ ಹೇಳಿದವನನ್ನು ಕರೆಸಿದ್ದು ಯಜಮಾನರ ಲೋಭವೇ ಅಲ್ಲವೆ? ಅಂಗಡಿಯ ಗಲ್ಲೆಯ ಮೇಲೆ ಮೂವತ್ತು ವರ್ಷ ಕುಳಿತ ವ್ಯಾಪಾರಿಗೆ ಸರಕಿನ ಕೊಳ್ಳುವ ಬೆಲೆಗಿಂತ ಅಗ್ಗವಾಗಿ ಮಾರಲು ಬಂದವನನ್ನು ಕಂಡರೆ ಅನುಮಾನ ಹುಟ್ಟುತ್ತದೆ. ಅದೇ ವ್ಯಾಪಾರಿಗೆ ಮನೆ ಬದಲಿಸುವಾಗ ಮಾತ್ರ ಆ ಅನುಮಾನ ಹುಟ್ಟದಿರುವುದು ಆಶ್ಚರ್ಯ. ನ್ಯಾಯವಾದ ದರಕ್ಕಿಂತ ಕೆಳಗಿಳಿಸಿದ ಪ್ರತಿ ರೂಪಾಯಿಯೂ ಎಲ್ಲಿಂದಲೋ ಬರಬೇಕು: ಒಂದೋ ಹಮಾಲನ ಬೆನ್ನಿನಿಂದ, ಇಲ್ಲವೆ ಯಜಮಾನನ ಸಾಮಾನಿನಿಂದ.

ಇಷ್ಟು ಹೊರೆ ಎಲ್ಲಿಂದ ಬಂದಿತೆಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿಭಾರವನ್ನು ಎರಡು ಕಡೆ ಎಣಿಸಿರುವುದನ್ನು ವಿಚಾರಶೀಲರು ಗಮನಿಸಬೇಕು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅದು ಒಮ್ಮೆ ಬರುತ್ತದೆ. ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹ, ಲೋಭಗಳ ಜೊತೆಯಲ್ಲಿ ಅತಿವಾಹನ, ಅತಿಭಾರವಹನಗಳೆಂದು ಮತ್ತೆ ಬರುತ್ತದೆ. ಇದು ಪುನರುಕ್ತಿಯಲ್ಲ. ಒಬ್ಬನ ಬೆನ್ನು ಬಾಗುವುದಕ್ಕೂ ಇನ್ನೊಬ್ಬನ ಕೋಣೆ ತುಂಬುವುದಕ್ಕೂ ಮೂಲ ಒಂದೇ ಎಂಬ ಸೂಕ್ಷ್ಮ ದೃಷ್ಟಿ ಇಲ್ಲಿದೆ. ಸಂಗ್ರಹ ಮಿತಿಮೀರಿದಾಗ ಯಾವುದೋ ಜೀವ ಅದನ್ನು ಹೊರಲೇಬೇಕು.

ಅಟ್ಟದ ಮೇಲಿಂದ ಇಳಿಯುವ ಸಾಮಾನು ಈ ಮಾತಿಗೆ ಸಾಕ್ಷಿ. ಮೂರು ತಲೆಮಾರಿನಿಂದ ಬಂದು ಇಪ್ಪತ್ತು ವರ್ಷಗಳಿಂದ ಯಾರೂ ರುಬ್ಬದ ರುಬ್ಬುವ ಕಲ್ಲು, ಮದುವೆಯಲ್ಲಿ ಬಂದು ಕಾಗದವನ್ನೂ ಬಿಚ್ಚದ ಹನ್ನೆರಡು ಸ್ಟೀಲ್ ಡಬ್ಬಿ, ಕೆಟ್ಟುಹೋದ ಎರಡು ಮಿಕ್ಸರು, ಬೆಳೆದು ದೊಡ್ಡವರಾಗಿ ಪರದೇಶ ಸೇರಿದ ಮಕ್ಕಳ ತೊಟ್ಟಿಲು. ಇವನ್ನೆಲ್ಲ ಹಳೆಯ ಮನೆಯ ಅಟ್ಟದಿಂದ ಹೊಸ ಮನೆಯ ಅಟ್ಟಕ್ಕೆ ಸಾಗಿಸಲು ಹಣ, ಇಂಧನ, ಬೆವರು ಮೂರೂ ವೆಚ್ಚವಾಗುತ್ತವೆ. ಉಪಯೋಗಕ್ಕೆ ಮೀರಿದ ಇಂಥ ಕೂಡಿಕೆಯನ್ನು ಅನರ್ಥದಂಡವ್ರತದ ಅತಿಚಾರಗಳಲ್ಲಿಯೂ ಹೇಳಿದೆ. ವರ್ಷಾಂತ್ಯದಲ್ಲಿ ದಾಸ್ತಾನು ತೆಗೆಯದ ಅಂಗಡಿ ಉಂಟೆ? ಮಾರ್ಚ್ 31ರಂದು ಗೋದಾಮಿನ ಪ್ರತಿ ಮೂಟೆಯನ್ನೂ ಎಣಿಸುವ ಗೃಹಸ್ಥನು ತನ್ನ ಮನೆಯ ದಾಸ್ತಾನನ್ನು ಆಯುಷ್ಯದಲ್ಲಿ ಒಮ್ಮೆಯೂ ತೆಗೆಯುವುದಿಲ್ಲ. ಮನೆ ಬದಲಿಸುವ ದಿನ ಆ ಲೆಕ್ಕಕ್ಕೆ ತಾನಾಗಿ ಒದಗುವ ಅವಕಾಶ. ಪರಿಗ್ರಹಪರಿಮಾಣವನ್ನು ಬಾಯಿಮಾತಿನಲ್ಲಿ ತೆಗೆದುಕೊಂಡವರು ಅದನ್ನು ಕಾಗದದ ಮೇಲೆ ಬರೆಯಲು ಇದಕ್ಕಿಂತ ತಕ್ಕ ಸಮಯ ಬೇರೊಂದಿಲ್ಲ.

ಇಲ್ಲಿ ಇನ್ನೊಂದು ಕೆಟ್ಟ ರೂಢಿಯನ್ನು ಬಸದಿಗಳ ಟ್ರಸ್ಟುಗಳು ಚೆನ್ನಾಗಿ ಬಲ್ಲವು, ಸಂಕೋಚದಿಂದ ಹೇಳುವುದಿಲ್ಲ. ಲಾರಿಗೆ ಹಿಡಿಸದೆ ಉಳಿದ ಸಾಮಾನು ಕೊನೆಯ ದಿನ ಧರ್ಮಶಾಲೆಯ ಅಂಗಳಕ್ಕೆ ಬಂದು ಬೀಳುತ್ತದೆ: ಕಾಲು ಮುರಿದ ಕುರ್ಚಿ, ಹತ್ತಿ ಹೊರಬಿದ್ದ ಹಾಸಿಗೆ, ತಿರುಗದ ಪಂಖ. ಅದಕ್ಕೆ ‘ದಾನ’ವೆಂದು ಹೆಸರು, ರಸೀದಿಯನ್ನು ಕೇಳುವವರೂ ಉಂಟು. ತನಗೆ ಬೇಡವಾದ ಕಸವನ್ನು ದೇವಸ್ಥಾನದ ಮೇಲೆ ಹೊರಿಸುವುದು ದಾನವಲ್ಲ, ಅದೂ ಅತಿಭಾರಾರೋಪಣವೇ. ಕೊಡುವುದಾದರೆ ಹೊರಡುವ ದಿನಕ್ಕೆ ತಿಂಗಳಿರುವಾಗಲೇ, ಇನ್ನೊಬ್ಬರು ಬಳಸುವ ಸ್ಥಿತಿಯಲ್ಲಿ, ಬೇಕೆ ಎಂದು ಕೇಳಿ ಕೊಡಬೇಕು.

ಮುನಿಗಳ ಐದು ಸಮಿತಿಗಳಲ್ಲಿ ಆದಾನನಿಕ್ಷೇಪಣ ಸಮಿತಿಯೂ ಒಂದು. ಪಿಂಛಿ, ಕಮಂಡಲು, ಶಾಸ್ತ್ರ ಇಷ್ಟೇ ಇರುವವರು ಅವನ್ನು ಎತ್ತುವಾಗ, ಇಡುವಾಗ ಜೀವಿಗಳಿಗೆ ಬಾಧೆಯಾಗದಂತೆ ನೋಡಿಕೊಳ್ಳುತ್ತಾರೆ. ನೂರು ಪೆಟ್ಟಿಗೆಯುಳ್ಳ ಗೃಹಸ್ಥನಿಗೆ ಆ ಎಚ್ಚರ ನೂರು ಪಾಲು ಬೇಡವೆ? ಚಾತುರ್ಮಾಸದಲ್ಲಿ ತ್ಯಾಗಿಗಳು ಒಂದೆಡೆ ನಿಲ್ಲುವುದು ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚುವುದರಿಂದ. ಗೃಹಸ್ಥನಿಗೆ ಆ ನಿಯಮವಿಲ್ಲ. ಆದರೂ ತನ್ನ ಇಚ್ಛೆಯಂತೆ ದಿನ ಗೊತ್ತುಮಾಡಲು ಸಾಧ್ಯವಿದ್ದಾಗ ಮಳೆಗಾಲ ಕಳೆದ ಮೇಲೆ ಹೊರಡುವುದು ಧರ್ಮಕ್ಕೂ ಹಿತ, ಸಾಮಾನಿಗೂ ಹಿತ, ಒದ್ದೆ ಮೆಟ್ಟಿಲ ಮೇಲೆ ನಡೆಯುವ ಕಾಲಿಗೂ ಹಿತ. ಪೆಟ್ಟಿಗೆ ಕಟ್ಟುವ ಹದಿನೈದು ದಿನ ಮೊದಲೇ ಕಪಾಟುಗಳನ್ನು ತೆರೆದು, ಬಿಸಿಲಿಗಿಟ್ಟು, ಮೆತ್ತನೆಯ ಪೊರಕೆಯಿಂದ ಗುಡಿಸಿದರೆ ಇರುವೆ, ಜಿರಳೆಗಳು ತಾವಾಗಿ ಸರಿದುಹೋಗುತ್ತವೆ. ಕೊನೆಯ ಗಳಿಗೆಯವರೆಗೆ ಸುಮ್ಮನಿದ್ದು ಹೊಸ ಮನೆಗೆ ವಿಷ ಹೊಡೆಸಿ ಗೃಹಪ್ರವೇಶ ಮಾಡುವವರು ಯಾವ ಮಂಗಳವನ್ನು ಬಯಸುತ್ತಾರೆ?

ಈ ಎಚ್ಚರ ಕಟ್ಟುವ ಕೆಲಸದಲ್ಲಿಯೂ ಇರಬೇಕು. ಪುಸ್ತಕ, ಪಾತ್ರೆಗಳನ್ನು ಸಣ್ಣ ಪೆಟ್ಟಿಗೆಗಳಲ್ಲಿ, ಬಟ್ಟೆ, ದಿಂಬುಗಳನ್ನು ದೊಡ್ಡ ಪೆಟ್ಟಿಗೆಗಳಲ್ಲಿ ತುಂಬಿದರೆ ಯಾರ ಬೆನ್ನಿಗೂ ನೋವಿಲ್ಲ. ಬೀರುವನ್ನು ಬರಿದು ಮಾಡದೆ ಸೀರೆಗಳ ಸಮೇತ ಹೊರಿಸುವುದು ನಿರ್ದಯೆ. ರೆಫ್ರಿಜರೇಟರನ್ನು ಹಿಂದಿನ ದಿನವೇ ನಿಲ್ಲಿಸಿ, ನೀರು ಒರೆಸಿ, ನೆಟ್ಟಗೆ ನಿಲ್ಲಿಸಿಯೇ ಸಾಗಿಸಿ, ಹೊಸ ಮನೆಯಲ್ಲಿ ಕೆಲವು ಗಂಟೆ ಬಿಟ್ಟು ಚಾಲೂ ಮಾಡಬೇಕು. ಮುಂಬಾಗಿಲಿನ ಒಗೆಯುವ ಯಂತ್ರದ ಉರುಳೆಯನ್ನು ಅದರೊಡನೆ ಬಂದ ಬೋಲ್ಟುಗಳಿಂದ ಬಿಗಿಯಬೇಕು. ಅಡುಗೆ ಅನಿಲದ ಸಿಲಿಂಡರನ್ನು ಸಾಮಾನಿನ ಲಾರಿಯಲ್ಲಿ ಎಂದಿಗೂ ಹಾಕಕೂಡದು. ಬೇರೆ ಊರಿಗೆ ಹೋಗುವವರು ಸಿಲಿಂಡರು, ರೆಗ್ಯುಲೇಟರುಗಳನ್ನು ವಿತರಕರಿಗೆ ಒಪ್ಪಿಸಿ ವರ್ಗಾವಣೆಯ ಪತ್ರ ಪಡೆಯಬೇಕು. ಲಾರಿಯ ಚಾಲಕನೂ ಪಂಚೇಂದ್ರಿಯ ಜೀವ ಎಂಬುದನ್ನು ಮರೆಯಬಾರದು. ಮನೆಯ ಜಿನಬಿಂಬವನ್ನೂ ಶಾಸ್ತ್ರಗ್ರಂಥಗಳನ್ನೂ ಮನೆಯವರು ತಾವೇ ಕೈಯಲ್ಲಿ ಹಿಡಿದು ಒಯ್ಯುತ್ತಾರೆ. ಅದು ಯೋಗ್ಯವಾದ ಪದ್ಧತಿ. ಆ ಬಿಂಬವನ್ನು ಹಿಡಿದ ಕೈಗಳೇ ಹಮಾಲನಿಗೆ ಒಂದು ಲೋಟ ಸೋಸಿದ ನೀರು ಕೊಟ್ಟರೆ ಪೂಜೆ ಪೂರ್ಣವಾದೀತು.

ಇನ್ನು ಕಾಗದಪತ್ರಗಳ ವಿಷಯ. ವ್ಯಾಪಾರಿ ಸಮಾಜ ಇದನ್ನು ಅರಿಯದೆಂದು ಹೇಳುವಂತಿಲ್ಲ. ಸರಕು ಸಾಗಣೆದಾರರ ಹೊಣೆಗಾರಿಕೆಯನ್ನು ಹಿಂದೆ 1865ರ ಕಾಯಿದೆ ನಿರ್ಣಯಿಸುತ್ತಿತ್ತು. ಅದರ ಸ್ಥಾನದಲ್ಲಿ 2007ರ ರಸ್ತೆ ಮೂಲಕ ಸಾಗಣೆ ಕಾಯಿದೆ 2011ರಿಂದ ಜಾರಿಯಲ್ಲಿದೆ. ಇದರಂತೆ ಸಾರ್ವಜನಿಕ ಸಾಗಣೆದಾರನು ನೋಂದಣಿ ಪಡೆದಿರಬೇಕು. ಸಾಮಾನು ಒಪ್ಪಿಸುವವನು ಅದರ ಮೌಲ್ಯವನ್ನು ಘೋಷಿಸಬೇಕು. ಸಾಗಣೆದಾರನು ರಸೀದಿ ಕೊಡಬೇಕು. ಹೆಚ್ಚಿನ ಜವಾಬ್ದಾರಿಯ ದರವನ್ನು ಒಪ್ಪಿಕೊಳ್ಳದಿದ್ದರೆ ನಷ್ಟದ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತರಷ್ಟಕ್ಕೆ ಸೀಮಿತ, ಘೋಷಿಸಿದ ಮೌಲ್ಯವನ್ನು ಮೀರುವಂತಿಲ್ಲ. ನಷ್ಟವಾದರೆ ಸಾಮಾನು ಒಪ್ಪಿಸಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಯೋಗಗಳ ಮುಂದೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇಷ್ಟೆಲ್ಲ ರಕ್ಷಣೆ ಇರುವಾಗ ವಂಚನೆಯ ಭಯ ಏಕೆ? ಕಾರಣ ಸ್ಪಷ್ಟ. ತೆರಿಗೆ ಉಳಿಸಲು ‘ಬಿಲ್ಲು ಬೇಡ’ ಎಂದವರು ಯಜಮಾನರೇ. ದರ ತಗ್ಗಿಸಲು ಹತ್ತು ಲಕ್ಷದ ಸಾಮಾನಿಗೆ ಒಂದು ಲಕ್ಷವೆಂದು ಬರೆಸಿದವರೂ ಅವರೇ. ವಿಮೆಯೆಂದು ಹಣ ಕೊಟ್ಟು ವಿಮಾ ಕಂಪನಿಯ ಪತ್ರವನ್ನು ಕೇಳದವರೂ ಅವರೇ. ರಾಜನಿಯಮವನ್ನು ಮೀರುವುದು ಅಚೌರ್ಯಾಣುವ್ರತದ ಅತಿಚಾರ. ಅದನ್ನು ಮಾಡಿದವನು ಆ ನಿಯಮದ ಆಶ್ರಯ ಬೇಡಿ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಬರಿಗೈಯಲ್ಲಿ ನಿಲ್ಲುತ್ತಾನೆ.

ಇದಕ್ಕಿಂತ ಕೆಟ್ಟದ್ದು ವರ್ಗವಾದ ನೌಕರರ ಸುಳ್ಳು ಬಿಲ್ಲು. ಬ್ಯಾಂಕು, ಕಂಪನಿ, ಸರಕಾರಿ ಕಚೇರಿಗಳು ಸಾಮಾನು ಸಾಗಿಸಿದ ವೆಚ್ಚವನ್ನು ಭರಿಸುತ್ತವೆ. ಎರಡು ಸೂಟ್‌ಕೇಸಿನೊಡನೆ ರೈಲು ಹತ್ತಿದವನು ಪೂರ್ಣ ಲಾರಿಯ ಬಿಲ್ಲನ್ನು ನೂರಕ್ಕೆ ಇಷ್ಟೆಂದು ಕೊಂಡು ಸಲ್ಲಿಸುವ ಪದ್ಧತಿ ಗುಟ್ಟಿನದಲ್ಲ. ‘ಎಲ್ಲರೂ ಮಾಡುತ್ತಾರೆ’ ಎನ್ನುವವರು ಕೂಟಲೇಖಕ್ರಿಯೆ ಎಂಬ ಸತ್ಯಾಣುವ್ರತದ ಅತಿಚಾರವನ್ನು ನೆನೆಯಬೇಕು. ಸುಳ್ಳು ಬರಹಕ್ಕೆ ಬಹುಮತದ ರಿಯಾಯಿತಿ ಎಲ್ಲಿಯೂ ಹೇಳಿಲ್ಲ. ಬೆಳಿಗ್ಗೆ ಅಭಿಷೇಕ ಮಾಡಿ ಹತ್ತು ಗಂಟೆಗೆ ಆ ಬಿಲ್ಲಿಗೆ ಸಹಿ ಹಾಕುವ ಕೈ ಒಂದೇ ಆಗಿದ್ದರೆ, ಮಕ್ಕಳು ಆ ಎರಡರಲ್ಲಿ ಯಾವುದನ್ನು ಕಲಿಯುತ್ತಾರೆ?

ಭಾರವಾದದ್ದನ್ನು ಧರ್ಮದಿಂದ ಸಾಗಿಸುವುದು ಈ ನಾಡಿನ ಜೈನರಿಗೆ ಹೊಸತಲ್ಲ. ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈಯವರು ಕೆತ್ತಿದ 39 ಅಡಿಯ ಏಕಶಿಲಾ ಬಾಹುಬಲಿಯ ಮೂರ್ತಿ 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿತು. 1982ರಲ್ಲಿ ಅದರ ಪ್ರತಿಷ್ಠೆಯಾಯಿತು. ಆ ಭಾರವನ್ನು ಮನುಷ್ಯರ ಬೆನ್ನಿಗೆ ಕಟ್ಟಲಿಲ್ಲ. ಅದಕ್ಕೆ ತಕ್ಕ ಬಹುಚಕ್ರದ ವಾಹನವಿತ್ತು, ಬಲ್ಲವರಿದ್ದರು, ಅವಸರವಿರಲಿಲ್ಲ. ಎಲ್ಲವನ್ನೂ ತ್ಯಜಿಸಿ ಬರಿಮೈಯಲ್ಲಿ ನಿಂತವನ ಮೂರ್ತಿಗೆ ತೋರಿದ ವಿವೇಕವನ್ನು ಏನನ್ನೂ ತ್ಯಜಿಸಲಾರದವರ ಬೀರುವಿಗೆ ತೋರಲು ಏನು ಅಡ್ಡಿ?

ಟ್ರಸ್ಟುಗಳು ಮನಸ್ಸು ಮಾಡಿದರೆ ಈ ರೂಢಿಗಳನ್ನು ತಿದ್ದುವುದು ಕಷ್ಟವಲ್ಲ. ನೋಂದಣಿ, ರಸೀದಿ, ವಿಮಾಪತ್ರಗಳನ್ನು ಪರೀಕ್ಷಿಸಿದ ಪ್ರಾಮಾಣಿಕ ಸಾಗಣೆದಾರರ ಪಟ್ಟಿಯೊಂದನ್ನು ಬಸದಿಯ ಕಚೇರಿಯಲ್ಲಿಡಬಹುದು. ಬಳಕೆಗೆ ಬಾರದ ವಸ್ತುವನ್ನು ಸ್ವೀಕರಿಸುವುದಿಲ್ಲವೆಂದು ಧರ್ಮಶಾಲೆಯ ಬಾಗಿಲಲ್ಲಿ ಬರೆಸಬಹುದು. ಟ್ರಸ್ಟಿಗೆ ಸೇರಿದ ವಸತಿಗೃಹಗಳಲ್ಲಿ ಸಾಮಾನು ಹೊರುವವರಿಗೆ ಲಿಫ್ಟನ್ನು ತೆರೆಯಬಹುದು. ಒಳಗೆ ಹಲಗೆ, ಗೋಣಿ ಹೊದಿಸಿದರೆ ಲಿಫ್ಟಿಗೆ ಗೀರು ಬೀಳದು. ಸಮಾಜದವರು ಪದಾಧಿಕಾರಿಗಳಾಗಿರುವ ನಿವಾಸಿಗಳ ಸಂಘಗಳಲ್ಲಿಯೂ ಈ ನಿಯಮವನ್ನು ತರಬಹುದು. ಪಾಠಶಾಲೆಯಲ್ಲಿ ಅತಿಚಾರಗಳನ್ನು ಬಾಯಿಪಾಠ ಮಾಡಿಸುವ ಗುರುಗಳು ಅತಿಭಾರಾರೋಪಣಕ್ಕೆ ಎತ್ತಿನ ಜೊತೆಗೆ ಬೀರು ಹೊತ್ತ ಮನುಷ್ಯನನ್ನೂ ಉದಾಹರಿಸಬಹುದು.

ಗೃಹಸ್ಥನು ಮಾಡಬೇಕಾದದ್ದು ಇನ್ನೂ ಸರಳ. ಮೊದಲು ಕಡಿಮೆ ಮಾಡಿಕೊಳ್ಳಬೇಕು, ಉಳಿದದ್ದನ್ನು ಪಟ್ಟಿಮಾಡಬೇಕು, ಮನೆಗೆ ಬಂದು ನೋಡಿ ದರ ಹೇಳಿದ ಇಬ್ಬರು ಮೂವರಲ್ಲಿ ಸಾಕಷ್ಟು ಜನರನ್ನು ಕಳುಹಿಸಲು ಒಪ್ಪುವವನನ್ನು ಆರಿಸಬೇಕು, ಮೌಲ್ಯವನ್ನು ನಿಜವಾಗಿ ಬರೆಸಬೇಕು, ಹಣವನ್ನು ಬಿಲ್ಲಿನ ಮೇಲೆ ಕೊಡಬೇಕು, ಬೆಳಗಿನಲ್ಲಿಯೇ ಆರಂಭಿಸಿ, ಎಲ್ಲಕ್ಕಿಂತ ಕೊನೆಗೆ ನೀರಿನ ಬಿಂದಿಗೆಯನ್ನು ಕಟ್ಟಬೇಕು, ಹೊರುವವರಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಬೇಕು. ಇದರ ಒಟ್ಟು ವೆಚ್ಚ ಹೊಸ ಮನೆಯ ಪರದೆಗಳ ವೆಚ್ಚವನ್ನು ಮೀರಲಾರದು.

ಜಮಾ ಖರ್ಚಿನ ಪುಸ್ತಕದಲ್ಲಿ ಉಳಿತಾಯವೆಂದು ಬರೆದುಕೊಂಡದ್ದೆಲ್ಲ ಉಳಿತಾಯವಲ್ಲ. ಹಮಾಲನ ಕೂಲಿಯಲ್ಲಿ ಕಡಿದ ಐನೂರು ರೂಪಾಯಿ ಒಂದು ಪುಸ್ತಕದಲ್ಲಿ ಜಮೆಯಾದರೆ ಇನ್ನೊಂದರಲ್ಲಿ ಖರ್ಚಾಗಿಯೇ ಇರುತ್ತದೆ. ಆ ಎರಡನೆಯ ಪುಸ್ತಕವನ್ನು ಯಾವ ಲಾರಿಯೂ ಹಳೆಯ ಮನೆಯಲ್ಲಿ ಬಿಟ್ಟುಬರುವುದಿಲ್ಲ. ಅದು ಜೀವನೊಡನೆಯೇ, ಈ ಮನೆಯಿಂದ ಮುಂದಿನ ಮನೆಗೆ, ಈ ಭವದಿಂದ ಮುಂದಿನ ಭವಕ್ಕೆ ಸಾಗುತ್ತದೆ. ಅದನ್ನು ಹೊರಲು ಬಾಡಿಗೆಗೆ ಯಾರೂ ಸಿಗುವುದಿಲ್ಲ.